ಪಿಟೀಲಿನ ಮೇಲೊಂದು ರುಜು

ಕಚೇರಿ ಮುಗಿದಿದೆ. ಮಂಗಳ ಹಾಡಿಯಾಯಿತು, ಶಾಲು ಹೊದೆಸಿಯಾಯಿತು, ವಂದನಾರ್ಪಣೆಯೂ ಆಯಿತು. ಸಭಿಕರು ಚಪ್ಪಲಿ ಹುಡುಕುತ್ತಿರುವ ಹೊತ್ತಿಗೆ ವೇದಿಕೆಯ ಮಗ್ಗುಲಲ್ಲಿ ಒಂದು ಪುಟ್ಟ ಸಾಲು ಬೆಳೆಯುತ್ತದೆ. ಸಾಲಿನಲ್ಲಿ ಹೆಚ್ಚಿನವರು ಮಕ್ಕಳು. ಒಬ್ಬನ ಕೈಯಲ್ಲಿ ಪಿಟೀಲಿನ ಪೆಟ್ಟಿಗೆ, ಇನ್ನೊಬ್ಬಳ ಕೈಯಲ್ಲಿ ಕೊಳಲಿನ ಚೀಲ. ಹಿಂದೆ ನಿಂತ ಅಪ್ಪನ ಜೇಬಿನಲ್ಲಿ ಒರೆಸಿದರೂ ಹೋಗದ ಶಾಯಿಯ ಪೆನ್ನು.

ಸಂಗೀತ ಸಭೆಗಳಿಗೆ ಹೋಗುವವರೆಲ್ಲ ಈ ನೋಟವನ್ನು ಕಂಡವರೇ. ವಿದ್ವಾಂಸರಲ್ಲಿಯೂ ಹಲವು ಬಗೆ. ಕೆಲವರು ನಗುನಗುತ್ತ ಪೆನ್ನು ಹಿಡಿಯುತ್ತಾರೆ. ಕೆಲವರು ವಾದ್ಯವನ್ನು ಕಣ್ಣಿಗೊತ್ತಿಕೊಂಡು, "ಇದರ ಮೇಲೆ ಬರೆಯುವುದು ಬೇಡ ಮಗೂ, ಪುಸ್ತಕ ಕೊಡು" ಎನ್ನುತ್ತಾರೆ. ಇನ್ನು ಕೆಲವರು ಏನೂ ಹೇಳದೆ ಬಿರಡೆ ತಿರುಗಿಸಿ, ಹುಡುಗನ ಪಿಟೀಲಿನ ಶ್ರುತಿಯನ್ನು ಸರಿಮಾಡಿ, ಒಂದು ಸ್ವರ ನುಡಿಸಿ ಹಿಂದಕ್ಕೆ ಕೊಡುತ್ತಾರೆ. ಹುಡುಗನಿಗೆ ಆ ಕ್ಷಣಕ್ಕೆ ಸ್ವಲ್ಪ ನಿರಾಸೆ. ಅವನಿಗೆ ಬೇಕಾಗಿದ್ದುದು ಹೆಸರು.

ಈ ಮೂವರಲ್ಲಿ ನಿಜವಾಗಿ ರುಜು ಹಾಕಿದವರು ಯಾರು? ನಮ್ಮ ಪದ್ಧತಿಯಲ್ಲಿ ಹಿರಿಯರು ವಾದ್ಯದ ಮೇಲೆ ಗುರುತು ಉಳಿಸುವುದು ಎಂದರೆ ಏನು? ಈ ಪ್ರಶ್ನೆಯ ಹಿಂದೆ ಹೋದರೆ ದಾರಿ ಆಂಧ್ರಪ್ರದೇಶದ ಗಡಿಯ ಎರಡು ಊರುಗಳತ್ತ ತಿರುಗುತ್ತದೆ: ಹಿಂದೂಪುರ ಮತ್ತು ಕಲ್ಯಾಣದುರ್ಗ. ಅಲ್ಲಿಂದ ಮೈಸೂರಿಗೆ, ಮೈಸೂರಿನಿಂದ ತಿರುಪತಿಗೆ. ನಡುವೆ ನಮ್ಮ ಕರಾವಳಿಯ ಒಂದು ಹಳ್ಳಿಯೂ ಬರುತ್ತದೆ.

ಸೋಮವಾರದ ಸಾಲು

ವಾದ್ಯಕ್ಕೆ ಮೆಚ್ಚಿನ ಕಲಾವಿದರ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ನಮಗೆ ಪಡುವಣ ದೇಶಗಳಿಂದ ಬಂದದ್ದು. ಅದನ್ನು ಹಗುರವಾಗಿ ಕಾಣುವುದು ತರವಲ್ಲ. ಅಮೇರಿಕದ ಲೆಸ್ ಪಾಲ್ (1915–2009) ಎಂಬ ಗಿಟಾರ್ ವಾದಕರನ್ನೇ ನೋಡಿ. ಟೊಳ್ಳು ಹೊಟ್ಟೆಯಿಲ್ಲದ, ಗಟ್ಟಿ ಮರದ ವಿದ್ಯುತ್ ಗಿಟಾರನ್ನು ರೂಪಿಸಿದವರಲ್ಲಿ ಅವರೊಬ್ಬರು. 1952ರಲ್ಲಿ ಗಿಬ್ಸನ್ ಕಂಪನಿಯವರು ಅವರ ಹೆಸರಿನ ಗಿಟಾರನ್ನೇ ಮಾರುಕಟ್ಟೆಗೆ ತಂದರು. ಎಂಬತ್ತು, ತೊಂಬತ್ತು ದಾಟಿದ ಮೇಲೂ ಅವರು ನ್ಯೂಯಾರ್ಕಿನ ಒಂದು ಸಣ್ಣ ಸಭಾಂಗಣದಲ್ಲಿ ಪ್ರತಿ ಸೋಮವಾರ ರಾತ್ರಿ ನುಡಿಸುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಗಿಟಾರ್ ಹೊತ್ತ ಜನ ಸಾಲುಗಟ್ಟುತ್ತಿದ್ದರು. ಮುದುಕರು ಒಬ್ಬೊಬ್ಬರನ್ನೇ ಮಾತನಾಡಿಸಿ ಸಹಿ ಹಾಕಿಕೊಡುತ್ತಿದ್ದರು.

ಆ ಸಾಲಿನಲ್ಲಿ ನಿಂತವರ ಭಕ್ತಿ ನಮ್ಮ ಹುಡುಗನ ಭಕ್ತಿಗಿಂತ ಬೇರೆಯಲ್ಲ. ತಾನು ದಿನವೂ ಹಿಡಿಯುವ ವಸ್ತುವನ್ನು ತನ್ನ ದೇವರಂಥ ವ್ಯಕ್ತಿ ಒಮ್ಮೆ ಮುಟ್ಟಿದ್ದಾನೆ ಎಂಬ ಸಾಕ್ಷಿ ಅವನಿಗೆ ಬೇಕು.

ವಾದ್ಯದ ಮೇಲೆ ಹೆಸರು ಕಾಣಿಸಿಕೊಂಡದ್ದೂ ಹೊಸತಲ್ಲ. ಇಟಲಿಯ ಕ್ರೆಮೋನಾದ ಅಂತೋನಿಯೋ ಸ್ಟ್ರಾಡಿವಾರಿ ತಾನು ಮಾಡಿದ ಪಿಟೀಲಿನ ಹೊಟ್ಟೆಯೊಳಗೆ ತನ್ನ ಹೆಸರು, ಊರು, ಇಸವಿ ಇರುವ ಚೀಟಿಯನ್ನು ಅಂಟಿಸುತ್ತಿದ್ದ. ಮೇಲಿನ ರಂಧ್ರದಿಂದ ಇಣುಕಿದರೆ ಮಾತ್ರ ಅದು ಕಾಣುತ್ತದೆ. ನಮ್ಮ ನಾಡಿನ ಹೊಯ್ಸಳ ಶಿಲ್ಪಿಗಳೂ ಹೆಸರು ಕೆತ್ತಿದವರೇ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಆದರೆ ಇವೆಲ್ಲ ಮಾಡಿದವನ ರುಜು. ನುಡಿಸುವವನ, ಹಾಡುವವನ ರುಜು ಎಲ್ಲಿರುತ್ತದೆ?

ಕಲ್ಲಿನಲ್ಲಿ ಕಡೆದ ಮದ್ದಳೆ

ಬೆಂಗಳೂರಿನಿಂದ ಗುಂತಕಲ್ ಕಡೆಗೆ ಹೋಗುವ ರೈಲು ಗೌರಿಬಿದನೂರನ್ನು ಬಿಟ್ಟು ಸ್ವಲ್ಪ ಹೊತ್ತಿನಲ್ಲಿ ಹಿಂದೂಪುರವನ್ನು ಮುಟ್ಟುತ್ತದೆ. ಹಿಂದೆ ಅನಂತಪುರ ಜಿಲ್ಲೆಯಲ್ಲಿದ್ದ ಈ ಊರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಸಂತೆ, ಅಂಗಡಿ, ಬಸ್ ನಿಲ್ದಾಣ, ಎಲ್ಲಿ ನಿಂತರೂ ತೆಲುಗಿನ ನಡುವೆ ಕನ್ನಡ ಕಿವಿಗೆ ಬೀಳುವ ಊರು. ಗಡಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಈ ಬೆರಕೆ ಹೊಸತಲ್ಲ.

ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ಹೋದರೆ ಲೇಪಾಕ್ಷಿ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, 1530ರ ಆಸುಪಾಸಿನಲ್ಲಿ, ವಿರೂಪಣ್ಣ ಕಟ್ಟಿಸಿದ ವೀರಭದ್ರ ದೇವಾಲಯ ಅಲ್ಲಿದೆ. ಈಗ ಆಂಧ್ರದಲ್ಲಿರುವ ಈ ಗುಡಿಯ ಶಾಸನಗಳು ಕನ್ನಡದಲ್ಲಿವೆ ಎಂಬುದನ್ನು ನಮ್ಮ ಓದುಗರು ನೆನಪಿಟ್ಟುಕೊಳ್ಳಬೇಕು.

ಗುಡಿಯ ನಾಟ್ಯಮಂಟಪ ಕಲ್ಲಿನಲ್ಲಿ ನಿಂತ ಒಂದು ಕಚೇರಿ. ಒಂದು ಕಂಬದಲ್ಲಿ ಬ್ರಹ್ಮ ಮದ್ದಳೆ ಬಾರಿಸುತ್ತಾನೆ, ಇನ್ನೊಂದರಲ್ಲಿ ತುಂಬುರ ವೀಣೆ ಹಿಡಿದಿದ್ದಾನೆ. ಮೂರು ಕಾಲಿನ ಭೃಂಗಿ ಹೆಜ್ಜೆ ಹಾಕುತ್ತಾನೆ, ರಂಭೆ ನರ್ತಿಸುತ್ತಾಳೆ. ಬಂದ ಯಾತ್ರಿಕರಿಗೆ ಮಾರ್ಗದರ್ಶಿಗಳು ವಿರೂಪಣ್ಣನ ಕಥೆಯನ್ನು ಸೊಗಸಾಗಿ ಹೇಳುತ್ತಾರೆ. ಆದರೆ ಆ ಮದ್ದಳೆಯನ್ನು ಕಡೆದವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಬ್ರಹ್ಮನ ಕೈ ಮದ್ದಳೆಯ ಮೇಲೆ ಬೀಳುವ ಬಗೆಯನ್ನು ನೋಡಿದರೆ, ಕಡೆದವನು ಬಾರಿಸುವವರ ಹತ್ತಿರ ಕುಳಿತು ನೋಡಿದ್ದ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಅವನ ರುಜು ಆ ಕೈಯ ಬಾಗಿನಲ್ಲಿದೆ.

ಕಲ್ಯಾಣದುರ್ಗದ ಹುಡುಗ

ಹಿಂದೂಪುರದಿಂದ ಮಡಕಶಿರಾ, ಪಾವಗಡಗಳ ಮೇಲೆ ಕಲ್ಯಾಣದುರ್ಗಕ್ಕೆ ಹೊರಟರೆ ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗಬೇಕು. ಪಾವಗಡ ತುಮಕೂರು ಜಿಲ್ಲೆಯ ತಾಲೂಕು, ಹೆಚ್ಚುಕಡಿಮೆ ಎಲ್ಲ ಕಡೆಯಿಂದಲೂ ಆಂಧ್ರದ ನೆಲ ಅದನ್ನು ಸುತ್ತಿಕೊಂಡಿದೆ. ಹೀಗೆ ಗೆರೆಗಳು ಹೆಣೆದುಕೊಂಡ ಸೀಮೆಯಲ್ಲಿ, ಕಲ್ಯಾಣದುರ್ಗದ ಬಳಿಯ ಕಂಬದೂರಿಗೆ ಸೇರಿದ ರಾಳ್ಳಪಲ್ಲಿ ಎಂಬ ಹಳ್ಳಿಯಲ್ಲಿ 1893ರ ಜನವರಿ 23ರಂದು ಒಂದು ಗಂಡು ಮಗು ಹುಟ್ಟಿತು. ಅವರೇ ಮುಂದೆ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರೆಂದು ಹೆಸರಾದವರು.

ಮನೆಮಾತು ತೆಲುಗು. ತಂದೆಯಿಂದ ಸಂಸ್ಕೃತ, ತಾಯಿಯ ಬಾಯಿಂದ ಹಾಡು. ತಾಯಿಯ ಹೆಸರು ಅಲಮೇಲುಮಂಗಮ್ಮ. ಈ ಹೆಸರನ್ನು ಓದುಗರು ನೆನಪಿಡಿ, ಮುಂದೆ ಅದಕ್ಕೊಂದು ಅರ್ಥ ಬರುತ್ತದೆ. ಓದಲೆಂದು ಹುಡುಗ ಮೈಸೂರಿಗೆ ಹೋದ, ಪರಕಾಲ ಮಠದ ಸ್ವಾಮಿಗಳ ಬಳಿ ಶಾಸ್ತ್ರಗ್ರಂಥಗಳನ್ನು ಕಲಿತ. 1912ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಮಹಾರಾಜಾ ಕಾಲೇಜಿನ ತೆಲುಗು ಪಂಡಿತನಾದ. ಅವನ ಯೋಗ್ಯತೆಯನ್ನು ಗುರುತಿಸಿದವರು ಅಲ್ಲಿ ಪ್ರಾಧ್ಯಾಪಕರಾಗಿದ್ದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು.

ಕನ್ನಡದ ರಾಜಧಾನಿಯಲ್ಲಿ 38 ವರ್ಷ ತೆಲುಗು ಪಾಠ! ನಾವು ಇದನ್ನು ನಮ್ಮ ಕಣ್ಣಿನಿಂದ ನೋಡೋಣ. ಸುತ್ತಲಿನ ಭಾಷೆ ಬೇರೆ, ತನ್ನ ಭಾಷೆ ಬೇರೆ. ಶರ್ಮರು ತಮ್ಮ ತೆಲುಗನ್ನು ಬಿಡಲಿಲ್ಲ. ವೇಮನನ ಮೇಲೆ ಅವರು ಮಾಡಿದ ಉಪನ್ಯಾಸಗಳು ತೆಲುಗಿನ ವಿಮರ್ಶೆಯಲ್ಲಿ ಇಂದಿಗೂ ಗಣ್ಯವಾದವು. ಸುತ್ತಲಿನ ಕನ್ನಡವನ್ನೂ ಅವರು ಪರಕೀಯವೆಂದು ದೂರವಿಡಲಿಲ್ಲ. 'ಗಾನಕಲೆ', 'ಸಾಹಿತ್ಯ ಮತ್ತು ಜೀವನಕಲೆ' ಎಂಬ ಪುಸ್ತಕಗಳನ್ನು ಕನ್ನಡದಲ್ಲಿಯೇ ಬರೆದರು. ಮನೆಯ ಭಾಷೆಯನ್ನು ಉಳಿಸಿಕೊಂಡು ನೆರೆಯ ಭಾಷೆಯಲ್ಲಿ ಪುಸ್ತಕ ಬರೆಯುವಷ್ಟು ಬೆಳೆಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಬೇಕಿಲ್ಲ.

ನಂದಳಿಕೆಯ ಬೇರು

ಮೈಸೂರಿನಲ್ಲಿ ಶರ್ಮರಿಗೆ ಸಂಗೀತದ ಗುರುವಾಗಿ ದೊರೆತವರು ಬಿಡಾರಂ ಕೃಷ್ಣಪ್ಪನವರು (1866–1931). ಆಸ್ಥಾನ ವಿದ್ವಾಂಸರು, ಪಲ್ಲವಿಯಲ್ಲಿ ಎತ್ತಿದ ಕೈ. ಆ ಕಾಲದ ಮೈಸೂರಿನಲ್ಲಿ ಸಂಗೀತ ಕಲಿಯುವ ಯುವಕನಿಗೆ ಆರಾಧ್ಯರಾದವರು.

ಈ ಕೃಷ್ಣಪ್ಪನವರ ಮೂಲ ನಮ್ಮ ಕರಾವಳಿ. ಕಾರ್ಕಳದ ಬಳಿಯ ನಂದಳಿಕೆ, ಕವಿ ಮುದ್ದಣನ ನಂದಳಿಕೆಯೇ. ಮುದ್ದಣ ಹುಟ್ಟಿದ್ದು 1870ರಲ್ಲಿ, ಕೃಷ್ಣಪ್ಪನವರು ಅವನಿಗಿಂತ ನಾಲ್ಕು ವರ್ಷ ಹಿರಿಯರು. ಒಂದೇ ಹಳ್ಳಿ ನಾಲ್ಕು ವರ್ಷಗಳ ಅಂತರದಲ್ಲಿ ಒಬ್ಬ ಕವಿಯನ್ನೂ ಒಬ್ಬ ಗಾಯಕನನ್ನೂ ಕನ್ನಡಕ್ಕೆ ಕೊಟ್ಟಿತು. ಹಿರಿಯರು ಆಟದ ಮೇಳದೊಂದಿಗೆ ಮೈಸೂರಿಗೆ ಹೋಗಿ ಬಿಡಾರ ಹೂಡಿದ್ದರಿಂದ ಮನೆತನಕ್ಕೆ 'ಬಿಡಾರಂ' ಎಂಬ ಹೆಸರು ಬಂತೆಂದು ಮೈಸೂರಿನವರು ಹೇಳಿಕೊಂಡು ಬಂದಿದ್ದಾರೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಮೇಳದ ಬಿಡಾರ ಎಂದರೆ ಏನೆಂದು ವಿವರಿಸಬೇಕಾಗಿಲ್ಲ.

ಕೃಷ್ಣಪ್ಪನವರಿಗೆ ಕನ್ನಡಿಗರು ಇನ್ನೊಂದು ಕಾರಣಕ್ಕೂ ಋಣಿಗಳು. ದಾಸರ ಪದಗಳು ಭಜನೆಗೆ ಸರಿ, ಕಚೇರಿಗೆ ತೆಲುಗು ಕೃತಿಗಳೇ ಬೇಕು ಎಂದು ನಂಬಿದ್ದ ದಿನಗಳಲ್ಲಿ ಕನ್ನಡ ದೇವರನಾಮಗಳಿಗೆ ಕಚೇರಿಯ ಪೀಠದಲ್ಲಿ ಗೌರವದ ಸ್ಥಾನ ಕೊಟ್ಟವರಲ್ಲಿ ಅವರು ಪ್ರಮುಖರು. ಅವರು ಮೈಸೂರಿನಲ್ಲಿ ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ.

ಈಗ ಚಿತ್ರವನ್ನು ಒಟ್ಟಾಗಿ ನೋಡಿ. ಗುರು ಕರಾವಳಿ ಮೂಲದವರು. ಒಬ್ಬ ಶಿಷ್ಯ ಕಲ್ಯಾಣದುರ್ಗದ ತೆಲುಗಿನವರು. ಇನ್ನೊಬ್ಬ ಶಿಷ್ಯ ಕಾವೇರಿ ತೀರದ ತಿರುಮಕೂಡಲಿನ ಕನ್ನಡಿಗ, ಪಿಟೀಲು ಚೌಡಯ್ಯ. ಆ ಮನೆಯಲ್ಲಿ ಶಿಷ್ಯರು ಗುರುವಿನಿಂದ ರುಜು ಪಡೆದ ಬಗೆ ಹೇಗೆ?

ಏಳು ತಂತಿ

ತಿರುಮಕೂಡಲು ಚೌಡಯ್ಯನವರು (1895–1967) ಬಿಡಾರಂ ಕೃಷ್ಣಪ್ಪನವರ ಬಳಿ ಕಠಿಣ ಗುರುಕುಲವಾಸ ಮಾಡಿದವರು. ಗುರುವಿನ ಗಾಯನಕ್ಕೆ ಪಕ್ಕವಾದ್ಯ ನುಡಿಸುತ್ತ ಬೆಳೆದವರು. ಆಗ ಧ್ವನಿವರ್ಧಕ ಇರಲಿಲ್ಲ. ಕಂಚಿನ ಕಂಠದ ಗಾಯಕರ ಜೊತೆ ಕುಳಿತರೆ ನಾಲ್ಕು ತಂತಿಯ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು 1927ರ ಸುಮಾರಿಗೆ ಮೂರು ತಂತಿಗಳಿಗೆ ಜೊತೆತಂತಿ ಕೂಡಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಜೋಡಿ ತಂತಿಗಳು ಒಂದೇ ಕಮಾನಿಗೆ ಒಟ್ಟಿಗೆ ನುಡಿದಾಗ ನಾದ ತುಂಬಿ ಬರುತ್ತಿತ್ತು. ಆದರೆ ಎರಡನ್ನೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಶ್ರುತಿಗೆ ಕೂಡಿಸಿ, ಒಂದೇ ಬೆರಳಿನಲ್ಲಿ ಒತ್ತಿ ಹಿಡಿಯಬೇಕು. ಸಾಧನೆ ಕಡಿಮೆಯಾದರೆ ಇಮ್ಮಡಿ ಅಪಸ್ವರ!

ಚೌಡಯ್ಯನವರ ಗುರುತು ಪಿಟೀಲಿನ ಮರದ ಮೇಲೆ ಬರೆದದ್ದಲ್ಲ. ತಂತಿಯ ಲೆಕ್ಕವೇ ಅವರ ಸಹಿ. 1957ರಲ್ಲಿ ಅವರಿಗೆ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಪದವಿ ಬಂತು. ಅವರು ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸಭಾಭವನ 1980ರಲ್ಲಿ ತೆರೆಯಿತು. ಅದು ಚೌಡಯ್ಯ ಸ್ಮಾರಕ ಭವನ. ಅವರೇ ರಚಿಸಿದ ಕೃತಿಗಳಲ್ಲಿ ಇಟ್ಟ ಅಂಕಿತ 'ತ್ರಿಮಕುಟ'. ಹುಟ್ಟೂರು ತಿರುಮಕೂಡಲೇ ಅಲ್ಲಿ ರುಜುವಾಗಿದೆ.

'ಅಂಕಿತ' ಎಂಬ ಮಾತು ಇಲ್ಲಿ ಬಂತು. ಸರಕಾರಿ ಕಾಗದದ ಮೇಲಿನ ಸಹಿಗೂ ಕನ್ನಡದಲ್ಲಿ ಅಂಕಿತವೆನ್ನುತ್ತೇವೆ, ಹಾಡಿನ ಕೊನೆಯ ಮುದ್ರೆಗೂ ಅಂಕಿತವೆನ್ನುತ್ತೇವೆ. ಪುರಂದರದಾಸರು ಬರೆದದ್ದು ಪುರಂದರವಿಠಲನ ಹೆಸರನ್ನು. ಕನಕದಾಸರು ಕಾಗಿನೆಲೆಯ ಆದಿಕೇಶವನನ್ನು. ದಾಸಪಂಥದಲ್ಲಿ ಅಂಕಿತವನ್ನು ತಾನೇ ಆರಿಸಿಕೊಳ್ಳುವುದಕ್ಕಿಂತ ಗುರುವಿನಿಂದ ಪಡೆಯುವುದು ವಾಡಿಕೆ. ಗುರು ಹೆಸರು ಕೊಡುತ್ತಾನೆ, ಶಿಷ್ಯ ಆ ಹೆಸರಿನಲ್ಲಿ ಬಾಳಿಡೀ ಹಾಡುತ್ತಾನೆ. ನಮ್ಮ ಹಿರಿಯರು ಕಂಡ ರುಜು ಇದು. ಪಡೆದ ದಿನಕ್ಕೆ ಅದು ಮುಗಿಯುವುದಿಲ್ಲ, ಪಡೆದ ದಿನದಿಂದ ಕೆಲಸ ಶುರುವಾಗುತ್ತದೆ.

ತಾಮ್ರದ ಮೇಲಿನ ಅಂಕಿತ

ಮತ್ತೆ ಕಲ್ಯಾಣದುರ್ಗದ ಶರ್ಮರಿಗೆ ಬರೋಣ. 1950ರ ಸುಮಾರಿಗೆ ಮೈಸೂರಿನ ಸೇವೆಯಿಂದ ನಿವೃತ್ತರಾದ ಅವರು ತಿರುಪತಿಗೆ ಹೋದರು. ಅಲ್ಲಿ ಅವರಿಗಾಗಿ ಒಬ್ಬ ಹಿರಿಯರು ಕಾದಿದ್ದರು. ಆ ಹಿರಿಯರು ತೀರಿಕೊಂಡು ನಾಲ್ಕೂವರೆ ಶತಮಾನ ಕಳೆದಿತ್ತು.

ತಾಳ್ಳಪಾಕದ ಅನ್ನಮಾಚಾರ್ಯರು (1408–1503) ತಿರುಮಲೆಯ ವೆಂಕಟೇಶ್ವರನ ಮೇಲೆ, ಅಲಮೇಲುಮಂಗೆಯ ಮೇಲೆ ಸಾವಿರಾರು ಸಂಕೀರ್ತನೆಗಳನ್ನು ರಚಿಸಿದರು. ಮಗ ಪೆದ್ದ ತಿರುಮಲಾಚಾರ್ಯರ ಕಾಲದಲ್ಲಿ ಅವನ್ನು ತಾಮ್ರದ ತಗಡುಗಳ ಮೇಲೆ ಕೆತ್ತಿಸಿ ದೇವಾಲಯದ ಒಂದು ಕಲ್ಲಿನ ಕೋಣೆಯಲ್ಲಿ ಇಡಲಾಯಿತು. ಆಮೇಲೆ ಲೋಕ ಅವನ್ನು ಮರೆಯಿತು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅವು ಹೊರಬಂದು ಅಚ್ಚಾಗತೊಡಗಿದಾಗ ಎರಡು ಸಾವಿರಕ್ಕೂ ಹೆಚ್ಚು ತಗಡುಗಳಿದ್ದವು, 12,000ಕ್ಕೂ ಹೆಚ್ಚು ಹಾಡುಗಳಿದ್ದವು.

ರುಜು ಉಳಿಯಬೇಕೆಂದು ಬಯಸುವವರು ಇದಕ್ಕಿಂತ ಗಟ್ಟಿಯಾದ ಏರ್ಪಾಡನ್ನು ಕೇಳಲಾರರು. ಶಾಯಿಯಲ್ಲ, ತಾಮ್ರ. ಪ್ರತಿ ಹಾಡಿನಲ್ಲೂ ವೆಂಕಟೇಶನ ಅಂಕಿತ. ಮೇಲೆ ರಾಗದ ಹೆಸರು ಕೂಡ ಸ್ಪಷ್ಟ. ಆದರೆ ಸ್ವರ ಇರಲಿಲ್ಲ! ಹಾಡನ್ನು ಹೇಗೆ ಹಾಡಬೇಕೆಂದು ತಗಡು ಹೇಳುತ್ತಿರಲಿಲ್ಲ. ಅದನ್ನು ಹೇಳಬೇಕಾಗಿದ್ದ ಬಾಯಿಗಳು ಎಂದೋ ಸುಮ್ಮನಾಗಿದ್ದವು. ಕೊಂಡಮಲಹರಿ, ಅಬಾಲಿ ಮೊದಲಾದ ಕೆಲವು ರಾಗಗಳ ಹೆಸರು ತಗಡಿನಲ್ಲಿದ್ದರೂ ಕಚೇರಿಯಲ್ಲಿ ಇರಲಿಲ್ಲ. ಅಂಕಿತ ಉಳಿಯಿತು, ನಾದ ಹೋಯಿತು.

ಶರ್ಮರು ಆ ತಗಡುಗಳ ಸಾಹಿತ್ಯವನ್ನು ಓದಿ, ಶೋಧಿಸಿ, ಸಂಪಾದಿಸುವ ಕೆಲಸಕ್ಕೆ ಕುಳಿತರು. ಸಾಹಿತ್ಯವನ್ನು ಬಲ್ಲವರು ಬೇರೆ ಇದ್ದರು, ಸಂಗೀತವನ್ನು ಬಲ್ಲವರೂ ಬೇರೆ ಇದ್ದರು. ಎರಡೂ ಒಬ್ಬರಲ್ಲೇ ಇದ್ದದ್ದು ಅವರ ವಿಶೇಷ. ಹಳೆಯ ತೆಲುಗಿನ ಪದದ ಒಳತಿರುಳನ್ನು ಹಿಡಿಯಲು ಮಹಾರಾಜಾ ಕಾಲೇಜಿನ 38 ವರ್ಷ, ಅದಕ್ಕೆ ರಾಗದ ಮೈ ಕೊಡಲು ಬಿಡಾರಂ ಕೃಷ್ಣಪ್ಪನವರ ಪಾಠ. ನೂರಕ್ಕೂ ಹೆಚ್ಚು ಸಂಕೀರ್ತನೆಗಳಿಗೆ ಅವರು ರಾಗ ಹೊಂದಿಸಿ ಸ್ವರಪ್ರಸ್ತಾರ ಬರೆದರು. ಅಲಮೇಲುಮಂಗಮ್ಮನ ಮಗ ಅಲಮೇಲುಮಂಗೆಯ ಹಾಡುಗಳಿಗೆ ದನಿ ಕೊಟ್ಟರು.

ಇಂದು ಅನ್ನಮಾಚಾರ್ಯರ ಕೀರ್ತನೆಗಳು ಕಾಸರಗೋಡಿನ ಸಂಗೀತ ಶಾಲೆಗಳಲ್ಲೂ ಕೇಳುತ್ತವೆ. ಕಲಿಯುವ ಮಗುವಿಗೆ ಅನ್ನಮಯ್ಯನ ಹೆಸರು ಗೊತ್ತು. ಮೊದಮೊದಲು ಅವಕ್ಕೆ ದನಿ ಕೊಟ್ಟವರಲ್ಲಿ ಮುಖ್ಯರಾದ ಕಲ್ಯಾಣದುರ್ಗ ಸೀಮೆಯ ಪಂಡಿತರ ಹೆಸರು ಗೊತ್ತಿರುವುದು ಅಪರೂಪ. ಹಾಡಿನ ಕೊನೆಯಲ್ಲಿ ಬರುವುದು ವೆಂಕಟೇಶನ ಅಂಕಿತ, ಶರ್ಮರದಲ್ಲ. 1974ರಲ್ಲಿ ಅವರಿಗೂ ಸಂಗೀತ ಕಲಾನಿಧಿ ಪದವಿ ಬಂತು. 1979ರ ಮಾರ್ಚ್ 11ರಂದು ತೀರಿಕೊಂಡರು.

ಈ ವೃತ್ತಾಂತದ ತಿರುಳು ಇಷ್ಟೇ: ತಾಮ್ರದ ಮೇಲೆ ಕೊರೆದ ಅಂಕಿತಕ್ಕೂ ನಾದವನ್ನು ಕಾಯುವ ಶಕ್ತಿ ಇಲ್ಲ. ನಾದವನ್ನು ಕಾಯುವುದು ದಿನವೂ ಹಾಡುವ ಬಾಯಿ, ದಿನವೂ ನುಡಿಸುವ ಕೈ.

ಪಲ್ಲಕ್ಕಿಯಲ್ಲಿ ವೀಣೆ

ಹಾಗಾದರೆ ವಾದ್ಯವೆಂಬ ವಸ್ತುವಿಗೆ ಬೆಲೆಯಿಲ್ಲವೇ? ಇದೆ. ಮೈಸೂರಿನ ವೀಣೆ ಶೇಷಣ್ಣನವರ (1852–1926) ಬಗ್ಗೆ ಒಂದು ಮಾತು ಪ್ರಸಿದ್ಧವಾಗಿದೆ. ಬರೋಡೆಯ ಮಹಾರಾಜರು ಅವರ ವಾದನಕ್ಕೆ ಮೆಚ್ಚಿ ಪಲ್ಲಕ್ಕಿಯನ್ನು ಉಡುಗೊರೆ ಕೊಟ್ಟರಂತೆ. ಊರಿಗೆ ಬಂದಾಗ ಅದರಲ್ಲಿ ಕುಳಿತು ಮೆರವಣಿಗೆಯಲ್ಲಿ ಬರಬೇಕೆಂದು ಮೈಸೂರು ಮಹಾರಾಜರ ಅಪ್ಪಣೆಯಾಯಿತಂತೆ. ಶೇಷಣ್ಣನವರು ಪಲ್ಲಕ್ಕಿಯೊಳಗೆ ವೀಣೆಯನ್ನು ಇಟ್ಟು, ತಾವು ಪಕ್ಕದಲ್ಲಿ ನಡೆದುಬಂದರಂತೆ.

ವಾದ್ಯಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ, ನವರಾತ್ರಿಯಲ್ಲಿ ಅದಕ್ಕೆ ಹೂವೇರಿಸುವ ನಮ್ಮ ಮನೆಗಳಲ್ಲಿ ಈ ಕಥೆಗೆ ಟಿಪ್ಪಣಿ ಬೇಕಿಲ್ಲ. ಪಿಟೀಲಿನ ಮೇಲೆ ಬರೆಯಲು ಹಿಂಜರಿದ ವಿದ್ವಾಂಸರ ಮನಸ್ಸೂ ಇದೇ.

ಗುರುವಿನ ಮುಟ್ಟುವಿಕೆಯೂ ಇಲ್ಲದೆ, ಬರಿಯ ನೋಟದಿಂದಲೇ ಬದುಕು ತಿರುಗಿದ್ದೂ ಉಂಟು. ನಮ್ಮ ಕದ್ರಿ ಗೋಪಾಲನಾಥರು ನಾಗಸ್ವರ ವಾದಕರ ಮನೆಯ ಹುಡುಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ ಹೇಳಿಸಿಕೊಂಡು, ವರ್ಷಗಟ್ಟಲೆ ಸಾಧಿಸಿ, ಗಮಕಕ್ಕೆ ಒಗ್ಗದ ಆ ವಾದ್ಯವನ್ನು ಒಗ್ಗಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಚೇರಿಯಲ್ಲಿ ನುಡಿಸಿದರು. 2019ರಲ್ಲಿ ಅವರು ನಮ್ಮನ್ನು ಅಗಲಿದಾಗ ಆ ಲೋಹದ ಕೊಳವೆ ಕರ್ನಾಟಕ ಸಂಗೀತದ ವಾದ್ಯವಾಗಿತ್ತು. ಅದೇ ಅವರ ರುಜು.

ರುಜು ಹಾಕಿಸುವವರಿಗೆ ನಾಲ್ಕು ಮಾತು

ಇಷ್ಟೆಲ್ಲ ಹೇಳಿದ ಮೇಲೂ ಮಕ್ಕಳ ಆಸೆ ಆಸೆಯೇ. ಅದನ್ನು ಚಿವುಟಬೇಕಾಗಿಲ್ಲ. ಹೆತ್ತವರು ಕೆಲವು ಸಂಗತಿಗಳನ್ನು ಗಮನಿಸಿದರೆ ಸಾಕು.

ಪಿಟೀಲಿನ ಮೈಮೇಲಿನ ವಾರ್ನಿಶ್ ನಾಜೂಕಾದುದು. ಒರೆಸಿದರೂ ಹೋಗದ ಪೆನ್ನಿನ ಶಾಯಿಯಲ್ಲಿರುವ ಮದ್ಯಸಾರ ಅದನ್ನು ಕರಗಿಸಬಹುದು. ಗದ್ದ ಊರುವ ಕಡೆ, ಕೈ ಆಡುವ ಕಡೆ ಬರೆದ ಹೆಸರು ಬೆವರಿಗೆ ಬೇಗನೆ ಅಳಿಸಿಹೋಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ದಪ್ಪ ಕಾಗದ ಅಂಟಿಸಿ ಅದರ ಮೇಲೆ ಬರೆಸಿಕೊಳ್ಳುವುದು ಲೇಸು. ಪೆಟ್ಟಿಗೆ ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಮೃದಂಗ, ಮದ್ದಳೆಗಳ ಮುಚ್ಚಿಗೆಯ ಮೇಲೆ ಬರೆಸುವುದು ವ್ಯರ್ಥ. ಪೆಟ್ಟು ತಿಂದ ಚರ್ಮವನ್ನು ಬದಲಿಸಲೇಬೇಕು, ಬದಲಿಸಿದ ದಿನ ರುಜುವೂ ಹೋಯಿತು. ವೀಣೆಯ ಕೊಡ, ದಂಡಿಗಳನ್ನು ಬಿಟ್ಟು ಕಳಚಿ ಇಡಬಹುದಾದ ಬುರುಡೆಯ ಮೇಲೆ ಬರೆಸಬಹುದು. ಕೊಳಲಿಗಾದರೆ ಚೀಲವೇ ಸಾಕು. ಎಲ್ಲಿ ಬರೆಸಿದರೂ ದಿನಾಂಕ ಮತ್ತು ಊರಿನ ಹೆಸರನ್ನೂ ಬರೆಸಿಕೊಳ್ಳಿ. ಮೂವತ್ತು ವರ್ಷದ ಮೇಲೆ ಬೇಕಾಗುವುದು ಅದು.

ಎಲ್ಲಕ್ಕಿಂತ ಮುಖ್ಯವಾಗಿ, ಸಾಧ್ಯವಾದರೆ ಪೆನ್ನು ಕೊಡುವ ಮೊದಲು ವಾದ್ಯವನ್ನೇ ಕೊಟ್ಟು, "ಒಮ್ಮೆ ಶ್ರುತಿ ನೋಡಿ ಕೊಡುತ್ತೀರಾ?" ಎಂದು ಕೇಳಲು ಮಗುವಿಗೆ ಹೇಳಿಕೊಡಿ. ದೊಡ್ಡವರು ದಣಿದಿರುತ್ತಾರೆ, ಎಲ್ಲರಿಗೂ ಸಾಧ್ಯವಾಗದು. ಆದರೆ ಒಬ್ಬರು ಬಿರಡೆ ಹಿಡಿದರೂ, ತಪ್ಪಿದ್ದನ್ನು ತಪ್ಪೆಂದು ಒಂದು ಮಾತು ಹೇಳಿದರೂ, ಆ ಮಗು ಅದನ್ನು ಜೀವಮಾನದಲ್ಲಿ ಮರೆಯಲಾರದು.

ಅಟ್ಟದ ಮೇಲಿನ ಪೆಟ್ಟಿಗೆ

ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಒಂದು ಪೆಟ್ಟಿಗೆ ಇರುವುದುಂಟು. ಅಜ್ಜನ ಹಾರ್ಮೋನಿಯಂ, ಅತ್ತೆಯ ಪಿಟೀಲು, ದೊಡ್ಡಪ್ಪನ ಮದ್ದಳೆ. ಯಾವುದೋ ಕಾಲದಲ್ಲಿ ಯಾರೋ ದೊಡ್ಡ ಭಾಗವತರು, ಯಾರೋ ವಿದ್ವಾಂಸರು ಮನೆಗೆ ಬಂದಿದ್ದಾಗ ಇದನ್ನೇ ನುಡಿಸಿದ್ದರು ಎಂಬ ಹೆಮ್ಮೆಯೂ ಮನೆಯಲ್ಲಿರುತ್ತದೆ. ಹೆಮ್ಮೆ ನಿಜ. ತಂತಿಗೆ ತುಕ್ಕು ಹಿಡಿದಿರುವುದೂ ನಿಜ.

ಭಾಷೆಯ ವಿಷಯದಲ್ಲೂ ನಮ್ಮ ಸ್ಥಿತಿ ಇದಕ್ಕೆ ಹತ್ತಿರ. 1956ರ ನವೆಂಬರ್ 1ರಂದು ಗೆರೆ ಎಳೆದ ಮೇಲೆ ಕಾಸರಗೋಡಿನ ಕನ್ನಡ ಮನೆಗಳು ತಮ್ಮದೆಂದು ಹೇಳಿಕೊಳ್ಳಲು ದೊಡ್ಡ ಹೆಸರುಗಳನ್ನು ಜತನದಿಂದ ಇಟ್ಟುಕೊಂಡಿವೆ. ಪಾರ್ತಿಸುಬ್ಬ ನಮ್ಮವನು, ಗೋವಿಂದ ಪೈಗಳು ನಮ್ಮವರು. ಈ ಹೆಸರುಗಳು ನಮ್ಮ ತಾಮ್ರದ ತಗಡುಗಳು. ಮನೆಯ ಮಗು ಅವರ ಸಾಲನ್ನು ಓದಲಾರದೆ, ಅವರ ಪದವನ್ನು ಹಾಡಲಾರದೆ ಹೋದರೆ, ಹೆಸರು ಎಷ್ಟು ಆಳವಾಗಿ ಕೊರೆದಿದ್ದರೇನು?

ಕಲ್ಯಾಣದುರ್ಗದ ಶರ್ಮರಿಗೆ ಸಿಕ್ಕಿದ್ದು ಮೌನವಾಗಿದ್ದ ತಗಡು. ಅದನ್ನು ನುಡಿಸುವ ಯೋಗ್ಯತೆ ಅವರಿಗೆ ಬಂದಿತ್ತು. ಅದು ತಾಯಿಯ ಹಾಡಿನಿಂದ ಬಂದದ್ದು, ಪರಭಾಷೆಯ ಊರಿನಲ್ಲಿ ಬಿಡದೆ ಮಾಡಿದ ಪಾಠದಿಂದ ಬಂದದ್ದು, ನಂದಳಿಕೆ ಮೂಲದ ಒಬ್ಬ ಗುರುವಿನಿಂದ ಬಂದದ್ದು.

ಮುಂದಿನ ಸಲ ಕಚೇರಿ ಮುಗಿದ ಮೇಲೆ ಮಗನನ್ನು ಸಾಲಿನಲ್ಲಿ ನಿಲ್ಲಿಸಿ. ರುಜು ಹಾಕಿಸಿಕೊಳ್ಳಲಿ, ಸಂತೋಷ. ಆದರೆ ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಮೊದಲು ಕಮಾನು ಕೈಗೆ ಬರಲಿ, ಮುಚ್ಚಳದ ಮೇಲಿನ ಹೆಸರು ಆಮೇಲೆ ಕಣ್ಣಿಗೆ ಬೀಳಲಿ. ಹಾಗೆಯೇ ಅಟ್ಟದ ಪೆಟ್ಟಿಗೆಯನ್ನೂ ಒಂದು ದಿನ ಕೆಳಗಿಳಿಸಿ. ಹೊಸ ತಂತಿಗೆ ಹೆಚ್ಚು ಖರ್ಚಾಗುವುದಿಲ್ಲ.